ಗೋಡೆಯ ಒಡಲು

ಬೀದರ ಜಿಲ್ಲೆಯ ಹುಮನಾಬಾದಿಗೆ ಸಮೀಪದಲ್ಲಿರುವ ಹುಡಗಿಯಂತಹ ಊರಿನ ಓಣಿಯಲ್ಲಿ ನಡೆದುಹೋಗುವಾಗ ಮನೆಗಳ ಗೋಡೆಗಳನ್ನು ನಾವು ದಿನವೂ ನೋಡುತ್ತೇವೆ. ಆದರೆ ನಿಜವಾಗಿ ನಮಗೆ ಕಾಣುವುದು ಅವುಗಳ ಹೊರಮೈ ಮಾತ್ರ. ಮಳೆಗಾಲದಲ್ಲಿ ಎಲ್ಲಿಯಾದರೂ ಗಿಲಾವು ಉದುರಿಬಿದ್ದರೆ ಒಳಗಿನ ಕಲ್ಲು, ಮಣ್ಣು, ಇಟ್ಟಿಗೆಗಳು ಹೊರಗಿಣುಕುತ್ತವೆ. ಗೋಡೆಯೆಂಬುದು ಹಲವು ಪದರಗಳ ಕೂಟವೆಂಬುದು ಆಗ ನಮಗೆ ಮನವರಿಕೆಯಾಗುತ್ತದೆ.

ಈ ಪದರಗಳಲ್ಲಿ ಒಂದೊಂದಕ್ಕೂ ಒಂದೊಂದು ಕರ್ತವ್ಯವಿದೆ. ನಡುವಿನ ಕಲ್ಲು ಅಥವಾ ಇಟ್ಟಿಗೆಯು ಛಾವಣಿಯ ಭಾರವನ್ನು ಹೊರುತ್ತದೆ. ಹೊರಗಿನ ಗಿಲಾವು ಮಳೆಯ ನೀರನ್ನು ತಡೆಯುತ್ತದೆ. ಒಳಗಿನ ಗಿಲಾವು ಗೋಡೆಯನ್ನು ನುಣುಪುಗೊಳಿಸುತ್ತದೆ. ಸುಣ್ಣ ಬಣ್ಣಗಳು ಅದಕ್ಕೆ ಕಳೆಯನ್ನು ಕೊಡುತ್ತವೆ. ಬೀದರಿನಲ್ಲಿ 1472ರ ಸುಮಾರಿಗೆ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾವನ್ನು ನೋಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅದರ ಮುಂಭಾಗವನ್ನು ಅಲಂಕರಿಸಿದ್ದ ಬಣ್ಣದ ಹೊಳಪುಬಿಲ್ಲೆಗಳಲ್ಲಿ ಬಹುಪಾಲು ಇಂದು ಉದುರಿಹೋಗಿವೆ. ಆದರೂ ಅವುಗಳ ಹಿಂದಿದ್ದ ಗೋಡೆಯು ಅನೇಕ ಕಡೆ ಇನ್ನೂ ನಿಂತಿದೆ. ಅಲಂಕಾರದ ಪದರ ಹೋದರೆ ಅಂದ ಕೆಡುತ್ತದೆ. ಭಾರ ಹೊರುವ ಪದರ ಕುಸಿದರೆ ಕಟ್ಟಡವೇ ಇಲ್ಲವಾಗುತ್ತದೆ.

ಹಿಂದೆ ಕಟ್ಟಡದ ನಕ್ಷೆಯನ್ನು ಕಾಗದದ ಮೇಲೆ ಬರೆಯುತ್ತಿದ್ದಾಗ ಗೋಡೆಗೆ ಎರಡು ಸಮಾನಾಂತರ ಗೆರೆಗಳೇ ಸಾಕಾಗಿದ್ದವು. ಆ ಗೆರೆಗಳ ನಡುವೆ ಏನಿದೆಯೆಂಬುದು ಮೇಸ್ತ್ರಿಯ ಅನುಭವಕ್ಕೆ ಬಿಟ್ಟ ವಿಷಯವಾಗಿತ್ತು. ಇಂದು ಈ ಕೆಲಸಕ್ಕೆ ಗಣಕಯಂತ್ರದ ತಂತ್ರಾಂಶಗಳು ಬಂದಿವೆ. 2000ನೆಯ ಇಸವಿಯಲ್ಲಿ ಬಳಕೆಗೆ ಬಂದ ರೆವಿಟ್ ಎಂಬುದು ಅವುಗಳಲ್ಲಿ ಒಂದು. ಇದರಲ್ಲಿ ಗೋಡೆಯನ್ನು ಪದರಪದರವಾಗಿ ರಚಿಸಬಹುದು.

ಅದರ ವಿಧಾನ ಹೀಗಿದೆ. ಮೊದಲು ತಂತ್ರಾಂಶದಲ್ಲಿರುವ ಯಾವುದಾದರೊಂದು ಗೋಡೆಯ ಮಾದರಿಯನ್ನು ಆರಿಸಿ, ಅದರ ಪ್ರತಿಯೊಂದನ್ನು ಮಾಡಿಕೊಂಡು, ಅದಕ್ಕೆ ಹೊಸ ಹೆಸರಿಡಬೇಕು. ಪ್ರತಿ ಮಾಡಿಕೊಳ್ಳದೆ ಮೂಲವನ್ನೇ ತಿದ್ದಿದರೆ, ನಕ್ಷೆಯಲ್ಲಿ ಆ ಮಾದರಿಯ ಗೋಡೆಗಳು ಎಲ್ಲೆಲ್ಲಿವೆಯೋ ಅವೆಲ್ಲವೂ ಒಮ್ಮೆಲೇ ಬದಲಾಗಿಬಿಡುತ್ತವೆ. ಅನಂತರ ಹೊರಗಿನಿಂದ ಒಳಕ್ಕೆ ಒಂದೊಂದೇ ಪದರವನ್ನು ಸೇರಿಸುತ್ತ ಹೋಗಬೇಕು. ಪ್ರತಿ ಪದರಕ್ಕೂ ಮೂರು ವಿಷಯಗಳನ್ನು ತಿಳಿಸಬೇಕು: ಅದರ ಕರ್ತವ್ಯವೇನು, ಅದು ಯಾವ ವಸ್ತುವಿನದು, ಅದರ ದಪ್ಪವೆಷ್ಟು.

ಒಂದು ಉದಾಹರಣೆಯನ್ನು ನೋಡೋಣ. ಹೊರಗೆ 20 ಮಿಲಿಮೀಟರ್ ಗಿಲಾವು, ನಡುವೆ 230 ಮಿಲಿಮೀಟರ್ ಇಟ್ಟಿಗೆ, ಒಳಗೆ 12 ಮಿಲಿಮೀಟರ್ ಗಿಲಾವು ಇವೆಯೆಂದು ಇಟ್ಟುಕೊಳ್ಳಿ. ನಾವು ಒಂಬತ್ತು ಅಂಗುಲದ ಗೋಡೆಯೆಂದು ಕರೆಯುವ ಇದರ ನಿಜವಾದ ದಪ್ಪ 262 ಮಿಲಿಮೀಟರ್. ಇಟ್ಟಿಗೆಯಿಂದ ಇಟ್ಟಿಗೆಗೆ ಅಳೆದಾಗ 3,000 ಮಿಲಿಮೀಟರ್ ಇದ್ದ ಕೋಣೆಯ ಅಗಲವು, ಎರಡು ಬದಿಗೂ ಗಿಲಾವು ಬಳಿದ ಮೇಲೆ 2,976ಕ್ಕೆ ಇಳಿಯುತ್ತದೆ. ಮೊದಲಿನ ಅಳತೆಯನ್ನೇ ನಂಬಿ ಬಡಗಿಯು ಮಾಡಿದ ಹಲಗೆಯು ಆ ಕೋಣೆಯಲ್ಲಿ ಅಡ್ಡಲಾಗಿ ಕೂರುವುದಿಲ್ಲ. ಪದರಗಳನ್ನು ಮೊದಲೇ ನಮೂದಿಸಿದ್ದರೆ ಈ ತೊಡಕನ್ನು ನಕ್ಷೆಯಲ್ಲಿಯೇ ಕಾಣಬಹುದಾಗಿತ್ತು.

ಎರಡು ಗೋಡೆಗಳು ಮೂಲೆಯಲ್ಲಿ ಕೂಡುವಾಗಲೂ ಪದರದ ಕರ್ತವ್ಯವೇ ಮುಖ್ಯವಾಗುತ್ತದೆ. ಭಾರ ಹೊರುವ ಪದರಕ್ಕೆ ತಂತ್ರಾಂಶವು ಅಗ್ರಸ್ಥಾನವನ್ನು ಕೊಡುತ್ತದೆ. ಆದುದರಿಂದ ಇಟ್ಟಿಗೆಯು ಮೊದಲು ಇಟ್ಟಿಗೆಯೊಡನೆ ಬೆಸೆದುಕೊಳ್ಳುತ್ತದೆ; ಗಿಲಾವು ಅದಕ್ಕೆ ದಾರಿ ಬಿಟ್ಟು ಹೊರಗೆ ನಿಲ್ಲುತ್ತದೆ. ನುರಿತ ಮೇಸ್ತ್ರಿಯು ಮೂಲೆಯನ್ನು ಕಟ್ಟುವ ಕ್ರಮವೂ ಇದೇ ಅಲ್ಲವೆ?

ಇಷ್ಟೆಲ್ಲ ಅನುಕೂಲವಿದ್ದರೂ ತಂತ್ರಾಂಶಕ್ಕೆ ಒಂದು ಮಿತಿಯುಂಟು. ನಾವು ಹೇಳಿದಷ್ಟನ್ನು ಮಾತ್ರ ಅದು ಬಲ್ಲದು. ಈ ಮಿತಿಯನ್ನು ಅರಿಯಬೇಕಾದರೆ ನಮ್ಮ ನೆರೆಯಲ್ಲಿಯೇ ನಡೆದ ಒಂದು ದುರಂತವನ್ನು ನೆನೆಯಬೇಕು.

ಹುಡಗಿಯಿಂದ ವಾಯವ್ಯಕ್ಕೆ, ನೂರು ಕಿಲೋಮೀಟರಿನೊಳಗಿನ ಅಂತರದಲ್ಲಿ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಎಂಬ ಊರಿದೆ. 1993ರ ಸೆಪ್ಟೆಂಬರ್ 30ರಂದು, ಜನರೆಲ್ಲ ನಿದ್ರೆಯಲ್ಲಿದ್ದ ನಸುಕಿನಲ್ಲಿ, ಅಲ್ಲಿ ಭೂಮಿಯು ಕಂಪಿಸಿತು. ಕಂಪನದ ಪ್ರಮಾಣ 6.2. ಮಡಿದವರು ಹತ್ತಿರ ಹತ್ತಿರ 10,000 ಮಂದಿ. ಅಷ್ಟೊಂದು ಜೀವಗಳನ್ನು ಬಲಿತೆಗೆದುಕೊಂಡವು ಬಹುಪಾಲು ಅವರವರ ಮನೆಯ ಗೋಡೆ ಛಾವಣಿಗಳೇ.

ಆ ಗೋಡೆಗಳು ತೆಳುವಾಗಿರಲಿಲ್ಲ. ಎರಡು ಅಡಿಗೂ ಮಿಕ್ಕಿ ದಪ್ಪವಾಗಿದ್ದ ಕಲ್ಲಿನ ಗೋಡೆಗಳು ಅಲ್ಲಿ ಸಾಮಾನ್ಯವಾಗಿದ್ದವು. ಆದರೆ ಅವುಗಳ ಒಡಲಿನಲ್ಲಿ ಹೊರಗೊಂದು, ಒಳಗೊಂದು ಕಲ್ಲಿನ ಪದರವಿದ್ದು, ನಡುವೆ ಸಣ್ಣ ಕಲ್ಲು ಮತ್ತು ಮಣ್ಣನ್ನು ತುಂಬಲಾಗಿತ್ತು. ಎರಡು ಪದರಗಳನ್ನೂ ಒಂದಕ್ಕೊಂದು ಬಿಗಿಯುವ ಅಡ್ಡಗಲ್ಲುಗಳು ಇರಲಿಲ್ಲ. ನೆಲ ನಡುಗಿದೊಡನೆ ಪದರಗಳು ಬೇರ್ಪಟ್ಟು ಗೋಡೆಯು ಸೀಳಿತು. ಮೇಲಿದ್ದ ಮಣ್ಣಿನ ಭಾರವಾದ ಮಾಳಿಗೆಯು ಕುಸಿದು ಮಲಗಿದ್ದವರ ಮೇಲೆ ಬಿದ್ದಿತು.

ಅದೇ 1993ರಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಮಾರ್ಗಸೂಚಿಯು ಇದಕ್ಕೆ ಪರಿಹಾರವನ್ನು ಸೂಚಿಸುತ್ತದೆ. ಇಂತಹ ಕಲ್ಲಿನ ಗೋಡೆಯ ದಪ್ಪವು 450 ಮಿಲಿಮೀಟರನ್ನು ಮೀರಬಾರದು. ಗೋಡೆಯು ಏರಿದಂತೆ 600 ಮಿಲಿಮೀಟರಿಗೊಮ್ಮೆ, ಉದ್ದಕ್ಕೆ 1.2 ಮೀಟರಿಗೆ ಮೀರದ ಅಂತರದಲ್ಲಿ, ಗೋಡೆಯ ದಪ್ಪದಷ್ಟೇ ಉದ್ದವಾದ ಕಲ್ಲನ್ನು ಆರಪಾರವಾಗಿ ಇಡಬೇಕು. ಈ ಒಂದು ಕಲ್ಲು ಎರಡು ಪದರಗಳನ್ನು ಒಂದೇ ಗೋಡೆಯಾಗಿ ಮಾಡುತ್ತದೆ.

ಈಗ ಗಣಕಯಂತ್ರದ ಮುಂದೆ ಕುಳಿತವನು ಅಂತಹ ಗೋಡೆಯನ್ನು ‘ಕಲ್ಲು, 600 ಮಿಲಿಮೀಟರ್’ ಎಂದು ಒಂದೇ ಪದರವಾಗಿ ನಮೂದಿಸಿದನೆನ್ನಿ. ತೆರೆಯ ಮೇಲೆ ಸದೃಢವಾದ ಗೋಡೆಯೊಂದು ಮೂಡುತ್ತದೆ. ಒಳಗಿನ ಟೊಳ್ಳು ಅಡಗಿಹೋಗುತ್ತದೆ. ಮೂರು ಪದರಗಳನ್ನೂ ಇದ್ದಂತೆಯೇ ತೋರಿಸಿದರೆ, ಇವುಗಳನ್ನು ಹಿಡಿದಿರುವುದು ಯಾವುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಡ್ಡಗಲ್ಲು ಒಂದು ಪದರವಲ್ಲವಾದುದರಿಂದ ಅದು ಪದರಗಳ ಪಟ್ಟಿಯಲ್ಲಿ ಬರುವುದಿಲ್ಲ. ಅದನ್ನು ಬೇರೆಯಾಗಿ ಬರೆದು ತೋರಿಸುವುದು ವಿನ್ಯಾಸಕಾರನ ಹೊಣೆ. ಮರೆಯದೆ ಇಡುವುದು ಕಟ್ಟುವವನ ಹೊಣೆ.

ಗೋಡೆಯ ಬಲವು ಅದರ ದಪ್ಪವೊಂದರಿಂದಲೇ ಬರುವುದಿಲ್ಲ. ಪದರ ಪದರಗಳ ನಡುವಣ ಬಂಧದಿಂದಲೂ ಬರುತ್ತದೆ. ನಿಮ್ಮ ಊರಿನಲ್ಲಿ ಮನೆಯೊಂದು ಏಳುತ್ತಿದ್ದರೆ, ಗಿಲಾವು ಬಳಿಯುವ ಮುನ್ನವೇ ಹೋಗಿ ಅದರ ಗೋಡೆಯನ್ನೊಮ್ಮೆ ನೋಡಿರಿ. ಬಳಿದ ಮೇಲೆ ಅದರ ಒಡಲು ಯಾರಿಗೂ ಕಾಣುವುದಿಲ್ಲ.