ಟ್ರ್ಯಾಕ್ಟರಿಗೆ ಮನೆಯಲ್ಲೇ ಮಾಡಿದ ಗಾಳಿ ಮರೆ: ಬೋಟಿನವರು ಕಲಿಸಿದ ಪಾಠ

ನಮ್ಮದು ಯಲಬುರ್ಗಾ ಸೀಮೆಯ ಮಳೆ ನಂಬಿದ ಬೇಸಾಯ. ಹನ್ನೊಂದು ಎಕರೆ, ಅರ್ಧ ಎರೆ, ಅರ್ಧ ಮಸಾರಿ. ಮುಂಗಾರಿಗೆ ಹೆಸರು, ಸಜ್ಜೆ, ಶೇಂಗಾ. ಹಿಂಗಾರಿಗೆ ಕಡಲೆ, ಬಿಳಿಜೋಳ. ಮಳೆ ನಮಗೆ ಎಷ್ಟೋ ಸಲ ಕೈ ಕೊಟ್ಟಿದೆ, ಗಾಳಿ ಮಾತ್ರ ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಹಗಲೆಲ್ಲ ಬೀಸುತ್ತದೆ. ನಮ್ಮ ತಾಲೂಕಿನ ಹೊಲಗಳಲ್ಲಿ ಕರೆಂಟ್ ತಯಾರಿಸುವ ದೊಡ್ಡ ದೊಡ್ಡ ಫ್ಯಾನುಗಳು ಬಂದು ನಿಂತದ್ದು ಸುಮ್ಮನೆ ಅಲ್ಲ. ಆ ಗಾಳಿ ಅವರಿಗೆ ರೊಕ್ಕ. ತೆರೆದ ಟ್ರ್ಯಾಕ್ಟರಿನ ಮೇಲೆ ಕೂತ ನನಗೆ ಅದು ಬರೀ ಕಣ್ಣೀರು.

2008ರಲ್ಲಿ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡೆ. ನನ್ನ ಹೊಲದ ಜೊತೆಗೆ ಬಾಡಿಗೆ ಹರಗಾಟಕ್ಕೂ ಹೋಗುತ್ತೇನೆ. ಹತ್ತು ವರ್ಷ ಧೂಳು, ಬಿಸಿಲು, ಗಾಳಿ ಕುಡಿದ ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆಯಿತು. 2018ರಲ್ಲಿ ಆಪರೇಷನ್ ಆಯಿತು. ಎಡಗಣ್ಣಿನಲ್ಲೂ ಶುರುವಾಗಿದೆ ಎಂದ ಡಾಕ್ಟರು, ‘ಬಿಸಿಲು, ಧೂಳಿನಿಂದ ಕಣ್ಣು ಕಾಪಾಡ್ಕೋರಿ, ಇಲ್ಲಾಂದ್ರ ಮತ್ತ ಬೆಳೀತದ’ ಎಂದರು. ಕನ್ನಡಕ ತಂದೆ. ಬೆವರಿಗೆ ಅದು ಮಂಜಾಗುತ್ತಿತ್ತು, ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

2021ರ ಆಷಾಢದಲ್ಲಿ ಒಂದು ಸಂಜೆ ಹರಗಿ ಮನೆಗೆ ಬರುತ್ತಿದ್ದೆ. ನಮ್ಮ ದಾರಿ ಪಡುವಣಕ್ಕೆ, ಗಾಳಿ ಎದುರಿಗೆ. ಮಡ್‌ಗಾರ್ಡಿನ ಮೇಲೆ ಮನೆಯಾಕೆ ಕೂತಿದ್ದಳು. ಎರಡೂ ಕಣ್ಣಿಗೆ ಒಮ್ಮೆಲೇ ಮಣ್ಣು ಹೊಕ್ಕಿತು. ಒಂದು ಕೈ ಸ್ಟೇರಿಂಗ್, ಒಂದು ಕೈ ಕಣ್ಣಿಗೆ. ಅಷ್ಟರಲ್ಲಿ ಮುಂದಿನ ಗಾಲಿ ರಸ್ತೆ ಬದಿಯ ತಗ್ಗಿಗೆ ಇಳಿಯಿತು. ಆಕೆ ಹೊರಬದಿಗೆ ಬಿದ್ದಳು. ಪುಣ್ಯಕ್ಕೆ ಹಿಂದಿನ ಗಾಲಿಯ ಕಡೆ ಬೀಳಲಿಲ್ಲ, ಮುಂಗೈ ಎಲುಬು ಮುರಿಯಿತು, ಅಷ್ಟೇ. ‘ಅಷ್ಟೇ’ ಎಂದು ಬರೆಯುವಾಗ ಇಂದಿಗೂ ನನ್ನ ಕೈ ನಡುಗುತ್ತದೆ. ಅಂದಿನಿಂದ ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂಡಿಸುವುದಿಲ್ಲ. ಗಾಳಿಗೆ ಏನಾದರೂ ಮಾಡಲೇಬೇಕು ಎಂದು ಹಟ ಬಂತು.

ಗೋಡೆ ಕಟ್ಟಿ ಕೆಟ್ಟೆ

ಮೊದಲು ಮುಂದುಗಡೆ ಪೈಪು ನಿಲ್ಲಿಸಿ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಎರಡು ದಿನಕ್ಕೆ ಹರಿಯಿತು. ಆಮೇಲೆ ಗುಜರಿಯಿಂದ ಹಳೆಯ ಆಟೋದ ಗಾಜು ತಂದೆ. ಒಡೆದರೆ ಎದೆಗೇ ಬರುತ್ತದೆ ಎಂದು ವೆಲ್ಡಿಂಗ್‌ನವನು ಬೈದ, ಬಿಟ್ಟೆ. ಮೂರನೆಯ ಸಲ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ತಂದು ಬಾನೆಟ್ಟಿನಿಂದ ತಲೆಯ ಮೇಲಿನವರೆಗೆ ಒಂದೇ ತುಂಡು ನಿಲ್ಲಿಸಿದೆ. ಇನ್ನು ಗೆದ್ದೆ ಅಂದುಕೊಂಡೆ.

ಆಗ ವಿಚಿತ್ರವಾಯಿತು. ಮುಂದಿನ ಗಾಳಿ ನಿಂತಿತು, ಆದರೆ ಬೆನ್ನ ಹಿಂದಿನಿಂದ ಧೂಳು ಬರತೊಡಗಿತು! ಕುಂಟೆ ಎಬ್ಬಿಸಿದ ಮಣ್ಣು ಕೊರಳು, ಕಿವಿ, ಮೂಗಿಗೆ ಬಂದು ಕೂತಿತು. ಶೀಟೂ ಗಡಗಡ ನಡುಗುತ್ತಿತ್ತು. ಒಂದು ವಾರಕ್ಕೆ ಅದರ ಮೇಲೆ ಗೀರು ಬಿದ್ದು, ಇಳಿಹೊತ್ತಿನ ಬಿಸಿಲಿಗೆ ಎದುರಿನದು ಏನೂ ಕಾಣದಂತಾಯಿತು. ಬಿಚ್ಚಿ ದನದ ಕೊಟ್ಟಿಗೆಯಲ್ಲಿ ಒರಗಿಸಿಟ್ಟೆ.

ಮಲ್ಪೆಯಲ್ಲಿ ಕಂಡದ್ದು

ನನ್ನ ಅಕ್ಕನ ಮಗ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಇದ್ದಾನೆ. ನಮ್ಮ ಕಡೆಯ ಹುಡುಗರು ಆ ಕಡೆ ದುಡಿಯಲು ಹೋಗುವುದು ಹೊಸದಲ್ಲ. 2022ರ ಜನವರಿಯಲ್ಲಿ ಉಡುಪಿಗೆ ಹೋದಾಗ ಅವನು ಕೆಲಸ ಮಾಡುವ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ದ. ಬೋಟು ಓಡಿಸುವವನ ಮುಂದೆ ಒಂದು ಗಿಡ್ಡ ಗಾಜು. ಅದರ ಮೇಲಂಚಿಗೆ ಆರು ಇಂಚು ಅಗಲದ ಪಟ್ಟಿಯೊಂದನ್ನು ಎರಡು ಕ್ಲಾಂಪಿನಲ್ಲಿ ಹಿಡಿಸಿದ್ದರು. ಗಾಜಿಗೂ ಪಟ್ಟಿಗೂ ನಡುವೆ ಬೆರಳು ಹೋಗುವಷ್ಟು ಸಂದು.

‘ಇದೇನೋ ತಮ್ಮಾ, ಒಡೆದದ್ದಕ್ಕ ತೇಪಿ ಹಾಕ್ಯಾರೇನು?’ ಎಂದೆ.

‘ಅಲ್ಲ ಮಾಮಾ, ಬೇಕಂತ ಮಾಡ್ಸಿದ್ದು. ಗಾಜು ಗಿಡ್ಡ, ಗಾಳಿ ಸೀದಾ ಮಾರಿಗೆ ಬಡೀತಿತ್ತು. ಎತ್ತರದ ಗಾಜು ಹಾಕಿದ್ರ ಉಪ್ಪುನೀರು ಸಿಡಿದು ಮುಂದಿಂದು ಕಾಣಂಗಿಲ್ಲ. ಅದಕ್ಕ ಗಾಜಿನ ಮ್ಯಾಲೆ ಹಾಸಿ ನೋಡೂದು, ಗಾಳಿನ ತಲಿ ಮ್ಯಾಲೆ ಹಾರಿಸೂದು’ ಎಂದ.

ಬೋಟು ಓಡುವಾಗ ಪಟ್ಟಿಯ ಮೇಲೆ ಕೈ ಹಿಡಿದೆ. ಗಾಳಿ ಕೈಯನ್ನು ಮೇಲಕ್ಕೆ ದೂಡಿತು. ಪಟ್ಟಿಯ ಹಿಂದೆ ಮುಖ ಇಟ್ಟೆ, ತಣ್ಣಗಿತ್ತು. ಅವನು ಪಟ್ಟಿಯನ್ನು ಹಿಂದಕ್ಕೆ ಮಲಗಿಸಿದ, ಮತ್ತೆ ಗಾಳಿ ಮುಖಕ್ಕೆ ಬಂತು. ಗಾಜು ಹಿಂದಕ್ಕೆ ವಾಲಿರುತ್ತದೆ, ಪಟ್ಟಿ ಅದಕ್ಕಿಂತ ನೆಟ್ಟಗೆ ನಿಲ್ಲಬೇಕು. ಆಗ ಗಾಜನ್ನು ಹತ್ತಿ ಬಂದ ಗಾಳಿ ಜಿಗಿದು ತಲೆಯ ಮೇಲೆ ಹೋಗುತ್ತದೆ. ಸಂದಿಯಿಂದ ಒಳಬರುವ ಸ್ವಲ್ಪ ಗಾಳಿ ಹಿಂದೆ ಸುಳಿ ಏಳದ ಹಾಗೆ ನೋಡಿಕೊಳ್ಳುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಬದುವಿನ ಗಿಡಗಳು ನೆನಪಾದವು. ಗಾಳಿ ತಡೆಗೆ ಗೋಡೆಗಿಂತ ಗಿಡಗಳ ಸಾಲು ಮೇಲು. ಗೋಡೆಯ ಹಿಂದೆ ಗಾಳಿ ಉರುಳಿ ಬಂದು ಸುಳಿ ತಿರುಗುತ್ತದೆ. ಗಿಡಗಳ ಸಾಲು ಅರ್ಧ ಗಾಳಿ ಸೋಸಿ ಬಿಡುತ್ತದೆ, ಹಿಂದಿನ ಬೆಳೆ ಬಹುದೂರದವರೆಗೆ ತಣ್ಣಗಿರುತ್ತದೆ. ಇದು ಗೊತ್ತಿದ್ದೂ ನಾನು ಟ್ರ್ಯಾಕ್ಟರಿಗೆ ಗೋಡೆ ಕಟ್ಟಿದ್ದೆ!

ಮಾಡಿದ ಬಗೆ

ಕೊಟ್ಟಿಗೆಯ ಶೀಟನ್ನು ಹೊರತೆಗೆದೆ. 3 ಎಂ.ಎಂ. ದಪ್ಪದ್ದು. ಅದರಲ್ಲಿ 34 ಇಂಚು ಅಗಲ, 16 ಇಂಚು ಎತ್ತರದ ಒಂದು ತುಂಡು, 34 ಇಂಚು ಉದ್ದ, 5 ಇಂಚು ಅಗಲದ ಒಂದು ಪಟ್ಟಿ ಕೊಯ್ದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು ಸಾಕು. ಕೊಯ್ಯುವ ಗೆರೆಗೆ ಟೇಪು ಅಂಟಿಸಿದರೆ ಅಂಚು ಕಿತ್ತುಬರುವುದಿಲ್ಲ.

ಚೌಕಟ್ಟಿಗೆ ಮುಕ್ಕಾಲು ಇಂಚಿನ ಚೌಕ ಪೈಪು. ಎರಡು ಕಾಲುಗಳನ್ನು ಎರಡೂ ಕಡೆಯ ಫುಟ್‌ಬೋರ್ಡಿನಲ್ಲಿ ಮೊದಲೇ ಇದ್ದ ಬೋಲ್ಟುಗಳಿಗೆ ಕೂಡಿಸಿದೆ. ಟ್ರ್ಯಾಕ್ಟರಿಗೆ ಹೊಸ ತೂತು ಹಾಕಲಿಲ್ಲ, ವೆಲ್ಡಿಂಗ್ ಮಾಡಲಿಲ್ಲ. ಬೇಕಾದಾಗ ಬಿಚ್ಚಬಹುದು. ಬಾನೆಟ್ ಎತ್ತಲು ಜಾಗ ಬಿಡಬೇಕು. ಪ್ರತಿ ಕಾಲಿಗೂ ಓರೆಯಾಗಿ ಒಂದು ಆಧಾರ ಬೇಕೇ ಬೇಕು. ಯಾಕೆಂದರೆ, ಕಾಲೇಜಿನಲ್ಲಿ ಸೈನ್ಸ್ ಓದುವ ಮಗಳು ಲೆಕ್ಕ ಹಾಕಿ ಹೇಳಿದಳು: 30 ಕಿ.ಮೀ. ವೇಗದ ಎದುರು ಗಾಳಿಗೆ ನಾವು 25ರಲ್ಲಿ ಓಡಿಸಿದರೆ ಈ ಮರೆಯ ಮೇಲೆ ಸುಮಾರು 8 ಕೆ.ಜಿ. ಒತ್ತಡ ಬೀಳುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ದೊಡ್ಡ ತುಂಡನ್ನು ನನ್ನ ಕಡೆಗೆ ವಾಲಿಸಿ ಕೂಡಿಸಿದೆ. ಅದರ ಮೇಲೆ ಬೆರಳು ಸಂದು ಬಿಟ್ಟು ಪಟ್ಟಿ, ಸ್ವಲ್ಪ ನೆಟ್ಟಗೆ. ಕೆಳಗೆ ಬಾನೆಟ್ಟಿಗೂ ಶೀಟಿಗೂ ನಡುವೆ ನಾಲ್ಕು ಬೆರಳು ಜಾಗ. ಪಟ್ಟಿಯ ಮೇಲಂಚು ಕೂತಾಗ ಗದ್ದದ ಮಟ್ಟಕ್ಕೆ ಬರಬೇಕು. ಶೀಟಿನ ಮೂಲಕ ನೋಡುವುದಲ್ಲ, ಅದರ ಮೇಲಿಂದ ನೋಡುವುದು. ಗೀರು ಬಿದ್ದರೂ, ರಾತ್ರಿ ಎದುರು ಗಾಡಿಯ ಲೈಟು ಶೀಟಿನ ಮೇಲೆ ಹೊಳೆದರೂ ತೊಂದರೆ ಇಲ್ಲ.

ಬೋಲ್ಟು 6 ಎಂ.ಎಂ., ಆದರೆ ತೂತು 9 ಎಂ.ಎಂ. ಬಿಸಿಲಿಗೆ ಈ ಶೀಟು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ತೂತು ಬಿಗಿಯಾದರೆ ಸೀಳುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ ಎರಡೂ ಬದಿಗೆ ಹಾಕಿದೆ. ತೂತು ಅಂಚಿನಿಂದ ಮುಕ್ಕಾಲು ಇಂಚು ಒಳಗಿರಲಿ.

ನೂಲಿನ ಎಳೆಯ ಪರೀಕ್ಷೆ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೇಣುದ್ದದ ನೂಲಿನ ಎಳೆಗಳನ್ನು ಸ್ಟೇರಿಂಗಿಗೆ, ಅಂಗಿಯ ಗುಂಡಿಗೆ, ಟೋಪಿಗೆ ಕಟ್ಟಿಕೊಂಡೆ. ಊರ ಹುಡುಗರು ನಕ್ಕರು, ನಗಲಿ. ಖಾಲಿ ದಾರಿಯಲ್ಲಿ ಮಗಳನ್ನು ಬದಿಯಲ್ಲಿ ನಿಲ್ಲಿಸಿ, ಗಾಳಿಗೆ ಎದುರಾಗಿ ನಿಧಾನ ಓಡಿಸಿದೆ. ಕೆಳಗಿನ ಸಂದಿಯನ್ನು ಗೋಣಿಯಿಂದ ಮುಚ್ಚಿದಾಗ ಎದೆಯ ಎಳೆ ಮುಂದಕ್ಕೆ ತಿರುಗಿತು. ಅಂದರೆ ಗಾಳಿ ಹಿಂದಿನಿಂದ ಬರುತ್ತಿದೆ. ಗೋಣಿ ತೆಗೆದೆ, ಎಳೆ ಸುಮ್ಮನೆ ಜೋತುಬಿತ್ತು. ಟೋಪಿಯ ಎಳೆ ಹಾರುತ್ತಲೇ ಇತ್ತು. ಪಟ್ಟಿಯನ್ನು ಇನ್ನಷ್ಟು ನೆಟ್ಟಗೆ ಮಾಡಿದ ಮೇಲೆ ಅದೂ ಇಳಿಯಿತು. ಪ್ರತಿಯೊಬ್ಬರ ಎತ್ತರ ಬೇರೆ, ಸೀಟು ಬೇರೆ. ನನ್ನ ಅಳತೆ ನಕಲು ಮಾಡುವುದಕ್ಕಿಂತ ಎಳೆ ಕಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಖರ್ಚು ಹೀಗಾಯಿತು: ಶೀಟು 900 ರೂಪಾಯಿ, ಪೈಪು 250, ವೆಲ್ಡಿಂಗ್ 350, ಬೋಲ್ಟು ಕ್ಲಾಂಪು 150. ಒಟ್ಟು 1,650.

ಇದರಿಂದ ಆಗದ್ದು

ಗಾಳಿ ಹಿಂದಿನಿಂದ ಬೀಸಿದರೆ ಈ ಮರೆ ಏನೂ ಉಪಯೋಗವಿಲ್ಲ. ಕುಂಟೆಯ ಧೂಳೆಲ್ಲ ನಮ್ಮ ಮೇಲೆಯೇ. ಅದಕ್ಕೆ ಆಗುವಷ್ಟು ಮಟ್ಟಿಗೆ ಸಾಲುಗಳನ್ನು ಗಾಳಿಗೆ ಅಡ್ಡವಾಗಿ ಹರಗುತ್ತೇನೆ. ಧೂಳು ಪಕ್ಕಕ್ಕೆ ಹೋಗುತ್ತದೆ, ಹೊಲದ ಮಣ್ಣೂ ಗಾಳಿಗೆ ಕಡಿಮೆ ಹಾರುತ್ತದೆ. ಇಳಿಜಾರಿನ ಹೊಲದಲ್ಲಿ ಮಾತ್ರ ಗಾಳಿ ನೋಡಬಾರದು, ಇಳಿಜಾರಿಗೆ ಅಡ್ಡವಾಗಿಯೇ ಹರಗಬೇಕು. ಸಜ್ಜೆಯ ರಾಶಿಯ ಧೂಳಿಗೂ ಇದು ಮದ್ದಲ್ಲ, ಮೂಗಿಗೆ ಬಟ್ಟೆ ಬೇಕು. ಕನ್ನಡಕವನ್ನೂ ಬಿಟ್ಟಿಲ್ಲ. ಗಾಳಿ ಮರೆ ಬಿಸಿಲು ತಡೆಯುವುದಿಲ್ಲವಲ್ಲ! ಮೇಲಿನ ಗಾಳಿ ಸ್ವಲ್ಪ ಆಡುವುದರಿಂದ ಕನ್ನಡಕ ಈಗ ಮೊದಲಿನಷ್ಟು ಮಂಜಾಗುವುದಿಲ್ಲ.

ಶೀಟನ್ನು ಡೀಸೆಲ್, ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಬಿರುಕು ಬಿಟ್ಟು ಬೆಳ್ಳಗಾಗುತ್ತದೆ. ಮೊದಲು ನೀರು ಸುರಿದು ಮಣ್ಣು ತೊಳೆದು, ಆಮೇಲೆ ಮೆತ್ತನೆಯ ಬಟ್ಟೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಮರಳು ಕಾಗದ ಉಜ್ಜಿದಂತೆ. ತಿಂಗಳಿಗೊಮ್ಮೆ ಬೋಲ್ಟು ನೋಡಿ.

ನನ್ನ ಎಡಗಣ್ಣಿನ ಮಾಂಸ ಇದ್ದಷ್ಟೇ ಇದೆ ಎಂದು ಡಾಕ್ಟರು ಹೋದ ಸಲ ಹೇಳಿದರು. ಅದು ಮರೆಯಿಂದಲೋ ಕನ್ನಡಕದಿಂದಲೋ ನಾನು ಹೇಳಲಾರೆ. ಆದರೆ ಸಂಜೆ ಪಡುವಣಕ್ಕೆ ಮುಖ ಮಾಡಿ ಬರುವಾಗ ಎರಡೂ ಕೈ ಸ್ಟೇರಿಂಗ್ ಮೇಲೇ ಇರುತ್ತವೆ. ಮನೆಯಾಕೆ ಈಗ ನಡೆದುಕೊಂಡೇ ಬರುತ್ತಾಳೆ. ‘ನಿಮ್ಮ ಕಣ್ಣು ನೆಟ್ಟಗಾದ್ರೂ ನಾ ಮಾತ್ರ ಅದರ ಮ್ಯಾಲೆ ಏರಂಗಿಲ್ಲರೀ’ ಎನ್ನುತ್ತಾಳೆ. ಆಕೆ ಹೇಳುವುದು ಸರಿ.

ಹಿಂದಿನಿಂದ ಬರುವ ಧೂಳಿಗೆ ಉಪಾಯ ಕಂಡುಕೊಂಡ ರೈತ ಬಂಧುಗಳು ಇದ್ದರೆ ಪತ್ರಿಕೆಗೆ ಬರೆಯಿರಿ. ಮುಂದಿನ ಆಷಾಢದೊಳಗೆ ಮಾಡಿ ನೋಡುತ್ತೇನೆ.