ಅಂಗನವಾಡಿ ಟೀಚರ್ ಕೈಗೆ ಎಷ್ಟು ಸಿಗುತ್ತೆ?

ಮಕ್ಕಳಿಗೆ ಆಟ-ಪಾಠ, ಊಟ. ತೂಕ ನೋಡಬೇಕು, ಗರ್ಭಿಣಿ-ಬಾಣಂತಿಯರ ಮನೆಗೆ ಹೋಗಬೇಕು, ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು. ಮತದಾರರ ಪಟ್ಟಿಯ ಕೆಲಸವೂ ಅನೇಕರ ಹೆಗಲಿಗೆ. ಇಷ್ಟಕ್ಕೂ ಸಾಮಾನ್ಯವಾಗಿ ಒಂದು ಅಂಗನವಾಡಿಗೆ ಇಬ್ಬರೇ: ಕಾರ್ಯಕರ್ತೆ, ಸಹಾಯಕಿ.

ಅಂಗನವಾಡಿ 1975ರಲ್ಲಿ ಶುರುವಾದ ಯೋಜನೆ. ಇವರಿಗೆ ಸಂಬಳ ಇಲ್ಲ, ಬರೀ ಗೌರವಧನ. 2018ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ಆಯಾ ರಾಜ್ಯ ಸೇರಿಸಿದಷ್ಟು. ಬಡಮನೆಯ ಮಕ್ಕಳ ಹೊಟ್ಟೆ ತುಂಬಿಸುವವರಿಗೆ ಇದು ಅನ್ಯಾಯ.

ಇವರದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ, ಕರ್ನಾಟಕದ್ದೇ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. 2022ರಲ್ಲಿ ಅದೇ ಕೋರ್ಟ್, ಗ್ರಾಚ್ಯುಟಿ ಇವರ ಹಕ್ಕು ಅಂದಿತು. ದೊಡ್ಡ ಗೆಲುವು. ಆದರೆ ಕೆಲಸ ಕಾಯಂ ಮಾಡಿ ಅನ್ನೋ ಬೇಡಿಕೆ ಹೊತ್ತು ಇವರು ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಮತ್ತೆ ಮತ್ತೆ ಬರಬೇಕಾಗಿದೆ.