ಕಾಲೇಜಿನ ಜಾಲತಾಣ ಖಾತೆ: ಬೀಗದ ಕೈ ಯಾರ ಬಳಿ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ಸೀಟು ಹಂಚಿಕೆ ಮುಗಿಯುವವರೆಗಿನ ಕಾಲವು ರಾಜ್ಯದ ಅಸಂಖ್ಯ ಕುಟುಂಬಗಳಿಗೆ ಆತಂಕದ ಕಾಲ. ಹಿಂದೆ ಪೋಷಕರು ಊರಿನ ಮೇಷ್ಟರನ್ನು ಕೇಳುತ್ತಿದ್ದರು, ಕಾಲೇಜಿನಲ್ಲಿ ಓದಿದ ನೆಂಟರ ಹುಡುಗನನ್ನು ವಿಚಾರಿಸುತ್ತಿದ್ದರು, ಕಚೇರಿಗೆ ಹೋಗಿ ಪ್ರಾಸ್ಪೆಕ್ಟಸ್ ಕೊಂಡು ತರುತ್ತಿದ್ದರು. ಇಂದು ಈ ವಿಚಾರಣೆಯ ಬಹುಭಾಗ ಅಂಗೈಯಲ್ಲಿರುವ ಮೊಬೈಲಿನಲ್ಲೇ ನಡೆಯುತ್ತದೆ. ಫೇಸ್‌ಬುಕ್ ಪುಟದ ಚಿತ್ರ, ಇನ್‌ಸ್ಟಾಗ್ರಾಮ್‌ನ ಅರ್ಧ ನಿಮಿಷದ ರೀಲ್, ಯೂಟ್ಯೂಬ್‌ನಲ್ಲಿ ಹಿರಿಯ ವಿದ್ಯಾರ್ಥಿಯ ಮಾತು, ಇವುಗಳನ್ನು ನಂಬಿ ತಂದೆಯಾದವನು ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಹಾಕುತ್ತಾನೆ. ಆದ್ದರಿಂದ ಶಿಕ್ಷಣ ಸಂಸ್ಥೆಯ ಸಾಮಾಜಿಕ ಜಾಲತಾಣ ಖಾತೆಯನ್ನು ಹುಡುಗರ ಹವ್ಯಾಸವೆಂದು ತಿಳಿಯುವಂತಿಲ್ಲ. ಅದು ಸಂಸ್ಥೆಯು ಸಾರ್ವಜನಿಕರಿಗೆ ಬರೆದುಕೊಟ್ಟ ಮಾತು.

ಈ ವಿಷಯ ವಾಣಿಜ್ಯೋದ್ಯಮಿಗಳಿಗೂ ಸಂಬಂಧಿಸಿದ್ದು. ಕರ್ನಾಟಕದ ಖಾಸಗಿ ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ದಾನಿಗಳಿಗೂ ಉದ್ಯಮಿಗಳಿಗೂ ದೊಡ್ಡ ಪಾಲಿದೆ. 1916ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಶಿಕ್ಷಕರಾದರೂ ಅದನ್ನು ಬೆಳೆಸಿದ್ದು ಸಮಾಜದ ದಾನ. 1946ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ ಬಿ.ಎಂ. ಶ್ರೀನಿವಾಸಯ್ಯನವರು ಸ್ವತಃ ಉದ್ಯಮಿಗಳು. ಇಂದಿಗೂ ಜಿಲ್ಲಾ ಕೇಂದ್ರಗಳ ಅನೇಕ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ವರ್ತಕರು, ಗಿರಣಿ ಮಾಲೀಕರು ಸದಸ್ಯರಾಗಿದ್ದಾರೆ. ತಮ್ಮ ಅಂಗಡಿಯ ಚೆಕ್ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡದ ಇವರು ಕಾಲೇಜಿನ ಜಾಲತಾಣದ ಗುಪ್ತಪದ ಯಾರ ಬಳಿ ಇದೆಯೆಂದು ಕೇಳುವುದು ವಿರಳ.

ಖಾತೆಯೂ ಒಂದು ಆಸ್ತಿ

ಫೇಸ್‌ಬುಕ್ ಹುಟ್ಟಿದ್ದೇ ಕಾಲೇಜಿನಲ್ಲಿ. 2004ರ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಆರಂಭವಾದ ಈ ತಾಣವು 2006ರಲ್ಲಿ ಎಲ್ಲರಿಗೂ ತೆರೆಯಿತು. ಭಾರತದ ಕಾಲೇಜುಗಳಲ್ಲಿಯೂ ಇಂತಹ ಖಾತೆಗಳು ಸಾಮಾನ್ಯವಾಗಿ ಯಾವ ನಿರ್ಣಯವೂ ಇಲ್ಲದೆ ಹುಟ್ಟಿಕೊಂಡವು. ಉತ್ಸಾಹಿ ಉಪನ್ಯಾಸಕರೊಬ್ಬರು ತಮ್ಮ ಸ್ವಂತ ಮಿಂಚಂಚೆ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಕೊಟ್ಟು ಕಾಲೇಜಿನ ಹೆಸರಿನಲ್ಲಿ ಪುಟ ತೆರೆಯುತ್ತಾರೆ. ಐದಾರು ವರ್ಷಗಳಲ್ಲಿ ಸಾವಿರಾರು ಹಳೆಯ ವಿದ್ಯಾರ್ಥಿಗಳು ಅದನ್ನು ಸೇರುತ್ತಾರೆ. ಉಪನ್ಯಾಸಕರು ಬೇರೆ ಕಾಲೇಜಿಗೆ ಹೋದ ಮೇಲೆ ಖಾತೆಗೆ ಪ್ರವೇಶ ಬೇಕಾದಾಗ, ಒಂದು ಬಾರಿಯ ಗುಪ್ತಸಂಖ್ಯೆಯು ಅವರ ಮೊಬೈಲಿಗೇ ಹೋಗುತ್ತದೆ. ಅವರು ಸಹಕರಿಸಿದರೆ ಸರಿ. ಇಲ್ಲವಾದರೆ ಸಂಸ್ಥೆಯು ತನ್ನ ಹೆಸರಿನ ಪುಟವನ್ನು ತಾನೇ ಹೊರಗೆ ನಿಂತು ನೋಡಬೇಕಾಗುತ್ತದೆ. ಜಾಹೀರಾತು ಏಜೆನ್ಸಿಯು ತನ್ನ ಹೆಸರಿನಲ್ಲೇ ಖಾತೆ ತೆರೆದಿದ್ದರಂತೂ ಗುತ್ತಿಗೆ ಮುಗಿದ ದಿನ ತೊಡಕು ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ ಸರಳ. ಆಡಳಿತ ಮಂಡಳಿಯು ನಿರ್ಣಯದ ಮೂಲಕ ಎಲ್ಲ ಖಾತೆಗಳನ್ನು ಸಂಸ್ಥೆಯ ಅಧಿಕೃತ ಮಿಂಚಂಚೆ ವಿಳಾಸಕ್ಕೂ ಸಂಸ್ಥೆಯ ಹೆಸರಿನ ಮೊಬೈಲ್ ಸಂಖ್ಯೆಗೂ ವರ್ಗಾಯಿಸಬೇಕು. ಎರಡು ಹಂತದ ದೃಢೀಕರಣ ಕಡ್ಡಾಯವಾಗಬೇಕು. ಬ್ಯಾಂಕ್ ಖಾತೆಗೆ ಇಬ್ಬರು ಸಹಿದಾರರಿರುವಂತೆ ಪ್ರತಿ ಪುಟಕ್ಕೂ ಕನಿಷ್ಠ ಇಬ್ಬರು ನಿರ್ವಾಹಕರಿರಬೇಕು. ಏಜೆನ್ಸಿಗೆ ಬರೆಯುವ ಅಧಿಕಾರವಿರಲಿ, ಒಡೆತನ ಬೇಡ. ಯಾವ ತಾಣದಲ್ಲಿ ಯಾವ ಖಾತೆ, ನಿರ್ವಾಹಕರು ಯಾರು, ಎಂದಿನಿಂದ ಎಂಬ ವಿವರಗಳು ಸ್ಥಿರಾಸ್ತಿ ರಿಜಿಸ್ಟರಿನಂತಹ ಪುಸ್ತಕವೊಂದರಲ್ಲಿ ದಾಖಲಾಗಬೇಕು. ನೌಕರಿ ಬಿಡುವವರ ನೋ ಡ್ಯೂ ಪತ್ರದಲ್ಲಿ ಗ್ರಂಥಾಲಯದ ಪುಸ್ತಕದ ಜೊತೆಗೆ ಈ ಪ್ರವೇಶಾಧಿಕಾರದ ಹಿಂತಿರುಗಿಸುವಿಕೆಯೂ ಸೇರಬೇಕು.

ವೋಚರ್ ಇಲ್ಲದೆ ಪೋಸ್ಟ್ ಇಲ್ಲ

ಲೆಕ್ಕಪತ್ರದಲ್ಲಿ ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಜಾಲತಾಣದ ಘೋಷಣೆಗಳಿಗೂ ಇದೇ ನಿಯಮ ಅನ್ವಯಿಸಬೇಕು. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಅಂತಿಮ ವರ್ಷದಲ್ಲಿ 240 ವಿದ್ಯಾರ್ಥಿಗಳಿದ್ದಾರೆ. ಕ್ಯಾಂಪಸ್ ಸಂದರ್ಶನಕ್ಕೆ ಹೆಸರು ನೋಂದಾಯಿಸಿದವರು 150. ಕೆಲಸ ಸಿಕ್ಕಿದ್ದು 120 ಮಂದಿಗೆ. ನೋಂದಾಯಿಸಿದವರ ಲೆಕ್ಕದಲ್ಲಿ ಇದು ಶೇ. 80, ಇಡೀ ತರಗತಿಯ ಲೆಕ್ಕದಲ್ಲಿ ಶೇ. 50. ಮೊದಲನೆಯ ಅಂಕಿಯನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದರೆ ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಹಾಗೆಯೇ ಒಬ್ಬ ವಿದ್ಯಾರ್ಥಿಗೆ 18 ಲಕ್ಷ ರೂಪಾಯಿ ವಾರ್ಷಿಕ ವೇತನ ದೊರೆತು, ನಟ್ಟನಡುವಿನ ವಿದ್ಯಾರ್ಥಿಗೆ ಮೂರೂವರೆ ಲಕ್ಷ ದೊರೆತಿದ್ದರೆ, ಸಾಲ ಮಾಡಿ ಮಗಳನ್ನು ಓದಿಸಲು ಹೊರಟ ಪೋಷಕನಿಗೆ ಉಪಯುಕ್ತವಾದದ್ದು ಎರಡನೆಯ ಅಂಕಿ.

ಈ ವ್ಯತ್ಯಾಸ ಮರೆಯಲ್ಲಿ ಉಳಿಯುವುದೂ ಇಲ್ಲ. 2015ರಲ್ಲಿ ಆರಂಭವಾಗಿ 2016ರಲ್ಲಿ ಮೊದಲ ಪಟ್ಟಿ ಪ್ರಕಟಿಸಿದ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ವ್ಯವಸ್ಥೆಗೆ, ಅಂದರೆ ಎನ್.ಐ.ಆರ್.ಎಫ್.ಗೆ, ಕಾಲೇಜುಗಳು ನಿಗದಿತ ಅವಧಿಯಲ್ಲಿ ತೇರ್ಗಡೆಯಾದವರ ಸಂಖ್ಯೆ, ಉದ್ಯೋಗ ಪಡೆದವರ ಸಂಖ್ಯೆ, ಮಧ್ಯಾಂಕ ವೇತನ ಇವುಗಳನ್ನು ಸಲ್ಲಿಸಬೇಕಾಗುತ್ತದೆ. ಸಲ್ಲಿಸಿದ ಮಾಹಿತಿಯನ್ನು ತಮ್ಮ ಅಂತರಜಾಲ ತಾಣದಲ್ಲಿಯೂ ಹಾಕಬೇಕಾಗುತ್ತದೆ. ಸರ್ಕಾರಕ್ಕೆ ಒಂದು ಅಂಕಿ, ಇನ್‌ಸ್ಟಾಗ್ರಾಮ್‌ಗೆ ಇನ್ನೊಂದು ಅಂಕಿ ಎಂದಾದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಜಾಣ ವಿದ್ಯಾರ್ಥಿಗೆ ಹತ್ತು ನಿಮಿಷ ಸಾಕು. ನ್ಯಾಕ್ ಶ್ರೇಣಿಯ ವಿಷಯದಲ್ಲಿಯೂ ಎಚ್ಚರ ಬೇಕು. ಆ ಮಾನ್ಯತೆಗೆ ಅವಧಿಯಿದೆ. ಅವಧಿ ಮುಗಿದ ಮೇಲೆ ಹಳೆಯ ಶ್ರೇಣಿಯನ್ನು ಪುಟದ ನೆತ್ತಿಯಲ್ಲಿ ಉಳಿಸಿಕೊಳ್ಳುವುದು ಅವಧಿ ಮೀರಿದ ಲೈಸೆನ್ಸ್ ಅನ್ನು ಅಂಗಡಿಯ ಗೋಡೆಗೆ ತೂಗುಹಾಕಿದಂತೆ.

ಭಾರತೀಯ ಜಾಹೀರಾತು ಮಾನಕ ಮಂಡಳಿಯು ಶಿಕ್ಷಣ ಸಂಸ್ಥೆಗಳ ಜಾಹೀರಾತಿಗೆಂದೇ ಮಾರ್ಗಸೂಚಿ ರಚಿಸಿದೆ. ಅದರಂತೆ ಉದ್ಯೋಗ ಮತ್ತು ವೇತನದ ಹೇಳಿಕೆಗಳು ಇತ್ತೀಚೆಗೆ ಪೂರ್ಣಗೊಂಡ ಶೈಕ್ಷಣಿಕ ವರ್ಷದ್ದಾಗಿರಬೇಕು, ಅವುಗಳಿಗೆ ಆಧಾರವಿರಬೇಕು. ಚಿತ್ರದಲ್ಲಿ ತೋರಿಸುವ ಕಟ್ಟಡ, ಪ್ರಯೋಗಾಲಯಗಳು ನಿಜವಾಗಿ ಅಸ್ತಿತ್ವದಲ್ಲಿರಬೇಕು. ಹೀಗಾಗಿ ಪ್ರತಿ ಅಂಕಿಯುಳ್ಳ ಪೋಸ್ಟ್‌ಗೂ ಒಂದು ಕಡತ, ಅದರ ಮೇಲೆ ಪ್ರಾಂಶುಪಾಲರ ಅಥವಾ ಉದ್ಯೋಗಾಧಿಕಾರಿಯ ಸಹಿ ಇರುವುದು ಕ್ಷೇಮ.

ಕಾನೂನಿನ ಮೂರು ಬೇಲಿಗಳು

ಮೊದಲನೆಯದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಇದರಡಿ 2020ರಲ್ಲಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಯಶಸ್ವಿ ಅಭ್ಯರ್ಥಿಗಳು ವಾಸ್ತವವಾಗಿ ಯಾವ ಕೋರ್ಸ್ ತೆಗೆದುಕೊಂಡಿದ್ದರೆಂಬುದನ್ನು ಮರೆಮಾಚಿದ ಹಲವು ತರಬೇತಿ ಕೇಂದ್ರಗಳು ಈಗಾಗಲೇ ದಂಡ ತೆತ್ತಿವೆ. 2024ರ ನವೆಂಬರಿನಲ್ಲಿ ಆ ಕ್ಷೇತ್ರಕ್ಕೆ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ. ಕಾಲೇಜು ಶಿಕ್ಷಣವು ಕಾಯ್ದೆಯ ಅರ್ಥದಲ್ಲಿ 'ಸೇವೆ'ಯೇ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಹಲವು ಬಾರಿ ಚರ್ಚೆಯಾಗಿದೆ. ಆದರೆ ಆ ವಾದವನ್ನೇ ನೆಚ್ಚಿ ಅತಿಶಯೋಕ್ತಿಗೆ ಇಳಿಯುವುದು ವಿವೇಕವಲ್ಲ.

ಎರಡನೆಯದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಪಿಯುಸಿ ಮುಗಿಸಿ 'ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ' ಎಂಬ ನಮೂನೆಯಲ್ಲಿ ಹೆಸರು, ಮೊಬೈಲ್ ಸಂಖ್ಯೆ ತುಂಬುವ ಅನೇಕರು ಹದಿನೇಳರ ಹರೆಯದವರು. ಅವರ ಮಾಹಿತಿಗೆ ಪೋಷಕರ ಪರಿಶೀಲನಾರ್ಹ ಒಪ್ಪಿಗೆ ಬೇಕೆಂದೂ, ಅವರನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದೆಂದೂ ಕಾಯ್ದೆ ಹೇಳುತ್ತದೆ. ಮಕ್ಕಳಿಗೆ ಸಂಬಂಧಿಸಿದ ಉಲ್ಲಂಘನೆಗೆ 200 ಕೋಟಿ ರೂಪಾಯಿಯವರೆಗೂ ದಂಡಕ್ಕೆ ಅವಕಾಶವಿದೆ. ವಿಚಾರಣೆಯ ಪಟ್ಟಿಗಳನ್ನು ಏಜೆನ್ಸಿಗಳಿಂದ ಕೊಳ್ಳುವ ಪದ್ಧತಿಯನ್ನು ಈಗಲೇ ಕೈಬಿಡುವುದು ಲೇಸು.

ಮೂರನೆಯದು ಕೃತಿಸ್ವಾಮ್ಯ ಕಾಯ್ದೆ, 1957. ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳು, ಪೋಷಕರು, ಸಿಬ್ಬಂದಿಯ ಮುಂದೆ ಚಿತ್ರಗೀತೆಯೊಂದಕ್ಕೆ ನೃತ್ಯ ಮಾಡಲು ಕಾಯ್ದೆಯಲ್ಲಿ ವಿನಾಯಿತಿಯಿದೆ. ಅದೇ ನೃತ್ಯದ ದೃಶ್ಯವನ್ನು ಹಾಡಿನೊಡನೆ ಪ್ರಚಾರಕ್ಕಾಗಿ ಜಾಲತಾಣಕ್ಕೆ ಏರಿಸಿದಾಗ ಪ್ರೇಕ್ಷಕರು ಸಭಾಂಗಣದವರಷ್ಟೇ ಅಲ್ಲ. ಆ ವಿನಾಯಿತಿ ಅಲ್ಲಿಗೆ ವಿಸ್ತರಿಸುವುದಿಲ್ಲ.

ಖರ್ಚಿನ ನಿಜವಾದ ಲೆಕ್ಕ

ಪದವಿ ನೀಡುವ ಶಿಕ್ಷಣ ಸೇವೆಗೆ ಜಿ.ಎಸ್.ಟಿ. ವಿನಾಯಿತಿಯಿದೆ. ಆದರೆ ಜಾಹೀರಾತು ಏಜೆನ್ಸಿ ಕಾಲೇಜಿಗೆ ಒದಗಿಸುವ ಸೇವೆಗೆ ಶೇ. 18 ತೆರಿಗೆ ಉಂಟು. ಕಾಲೇಜಿನ ಸೇವೆಯೇ ವಿನಾಯಿತಿ ಪಡೆದಿರುವುದರಿಂದ ಈ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಂದರೆ ತಿಂಗಳಿಗೆ ಒಂದು ಲಕ್ಷ ರೂಪಾಯಿಯ ಒಪ್ಪಂದದ ನಿಜವಾದ ವೆಚ್ಚ 1,18,000 ರೂಪಾಯಿ. ಐದು ತಿಂಗಳ ಪ್ರಚಾರಕ್ಕೆ 5,90,000 ರೂಪಾಯಿ ವ್ಯಯಿಸಿ, ಅದರಿಂದ ಸಾವಿರ ವಿಚಾರಣೆ, ಅರವತ್ತು ಅರ್ಜಿ, ಇಪ್ಪತ್ತು ಪ್ರವೇಶ ಬಂದವೆಂದು ಭಾವಿಸಿದರೆ ಪ್ರತಿ ಪ್ರವೇಶಕ್ಕೆ ತಗಲಿದ್ದು 29,500 ರೂಪಾಯಿ. ಏಜೆನ್ಸಿಯ ಮಾಸಿಕ ವರದಿ ಸಾಮಾನ್ಯವಾಗಿ ಲೈಕ್‌ಗಳ ಸಂಖ್ಯೆಯನ್ನು ಮುಂದಿಡುತ್ತದೆ. ಆಡಳಿತ ಮಂಡಳಿ ಕೇಳಬೇಕಾದದ್ದು ಈ ಕೊನೆಯ ಅಂಕಿಯನ್ನು. ಹಳೆಯ ವಿದ್ಯಾರ್ಥಿಗಳ ಶಿಫಾರಸಿನಿಂದ ಬಂದ ಪ್ರವೇಶಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟರೆ ಅನೇಕ ನಿರ್ಧಾರಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ಏಜೆನ್ಸಿಗೆ 'ಪ್ರವೇಶವೊಂದಕ್ಕೆ ಇಷ್ಟು' ಎಂಬ ಕರಾರು ಮೇಲ್ನೋಟಕ್ಕೆ ಮಿತವ್ಯಯವೆನಿಸಿದರೂ, ಸೀಟು ತುಂಬಿಸಲು ಏನು ಬೇಕಾದರೂ ಹೇಳುವ ಆಮಿಷ ಅದರಲ್ಲಿ ಅಡಗಿದೆ. ಹೇಳುವವರು ಏಜೆನ್ಸಿಯವರು, ಉತ್ತರ ಕೊಡಬೇಕಾದವರು ಕಾಲೇಜಿನವರು. ಇನ್ನು ಜಾಲತಾಣದ ಜನಪ್ರಿಯ ವ್ಯಕ್ತಿಗಳಿಂದ ಪ್ರಚಾರ ಮಾಡಿಸುವಾಗ ಅದು ಪಾವತಿಸಿದ ಪ್ರಚಾರವೆಂದು ಸ್ಪಷ್ಟವಾಗಿ ತಿಳಿಸಬೇಕು. ಅವರ ವೃತ್ತಿಗೆ ಸಂಬಂಧಿಸಿ ಹಣದ ಬದಲು ಮೊಬೈಲ್, ಪ್ರವಾಸದಂತಹ ಸೌಲಭ್ಯ ಕೊಟ್ಟು ಅದರ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ. 10ರಂತೆ ಮೂಲದಲ್ಲೇ ತೆರಿಗೆ ಕಡಿತದ ಹೊಣೆ 2022ರ ಜುಲೈ 1ರಿಂದ ಬಂದಿದೆ ಎಂಬುದನ್ನೂ ಮರೆಯಬಾರದು.

ಉತ್ತರಿಸುವ ಹೊಣೆ

ಜಾಲತಾಣವು ಗೋಡೆಯ ಮೇಲಿನ ಜಾಹೀರಾತಲ್ಲ; ಅದು ವಿಚಾರಣಾ ಕೌಂಟರ್ ಕೂಡ. ಶುಲ್ಕವೆಷ್ಟು, ಹಾಸ್ಟೆಲ್ ಇದೆಯೇ, ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಯಾವುದು ಎಂಬ ಪ್ರಶ್ನೆಗಳಿಗೆ ಒಂದು ಕೆಲಸದ ದಿನದೊಳಗೆ ಉತ್ತರ ದೊರೆಯುವಂತೆ ಒಬ್ಬರನ್ನು ನೇಮಿಸಬೇಕು. ಫೀ ಕಟ್ಟುವವರು ಪೋಷಕರು. ಅವರಲ್ಲಿ ಬಹುಮಂದಿಗೆ ಸಲೀಸಾದ ಭಾಷೆ ಕನ್ನಡ. ಇಂಗ್ಲಿಷ್ ಘೋಷವಾಕ್ಯಗಳ ನಡುವೆ ಶುಲ್ಕದ ವಿವರವನ್ನಾದರೂ ತಿಳಿಗನ್ನಡದಲ್ಲಿ ಕೊಡುವುದು ಸೌಜನ್ಯವಷ್ಟೇ ಅಲ್ಲ, ವ್ಯವಹಾರ ಜಾಣತನವೂ ಹೌದು.

ಟೀಕೆಗಳನ್ನು ಅಳಿಸುವ ಅಭ್ಯಾಸ ಒಳ್ಳೆಯದಲ್ಲ. ಹಾಸ್ಟೆಲಿನ ನೀರಿನ ಬಗ್ಗೆ ವಿದ್ಯಾರ್ಥಿಯೊಬ್ಬ ಬರೆದದ್ದನ್ನು ಅಳಿಸಿದರೆ ಅದರ ಚಿತ್ರ ಹತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. 'ಟ್ಯಾಂಕ್ ಸ್ವಚ್ಛವಾಗಿದೆ, ಇಂತಹ ದಿನ' ಎಂದು ಅದರ ಕೆಳಗೇ ಬರೆದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಗಂಭೀರ ದೂರುಗಳನ್ನು ಯುಜಿಸಿಯ 2023ರ ನಿಯಮಗಳಂತೆ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಒಪ್ಪಿಸಬೇಕು. ಕಾಲೇಜಿನ ಹೆಸರಿನಲ್ಲಿ ನಕಲಿ ಖಾತೆ ತೆರೆದು 'ಸೀಟು ಕಾಯ್ದಿರಿಸಲು' ಹಣ ಕೀಳುವವರ ಬಗ್ಗೆಯೂ ಎಚ್ಚರವಿರಬೇಕು. ಶುಲ್ಕವನ್ನು ಯಾವ ಬ್ಯಾಂಕ್ ಖಾತೆಗೆ ಮಾತ್ರ ಕಟ್ಟಬೇಕೆಂಬುದನ್ನು ಅಧಿಕೃತ ಪುಟದಲ್ಲಿ ಸದಾ ಪ್ರದರ್ಶಿಸುವುದು, ವಂಚನೆ ಕಂಡ ಕೂಡಲೇ 1930 ಸಹಾಯವಾಣಿಗೆ ತಿಳಿಸುವಂತೆ ಪೋಷಕರಿಗೆ ಹೇಳುವುದು ಅಗತ್ಯ.

ಇಷ್ಟೆಲ್ಲಕ್ಕೂ ದೊಡ್ಡ ವಿಭಾಗ ಬೇಕಿಲ್ಲ. ಸಣ್ಣ ಊರಿನ ಕಾಲೇಜಿಗೆ ಒಬ್ಬ ಜವಾಬ್ದಾರಿಯುತ ಸಿಬ್ಬಂದಿ, ಎರಡು ಪುಟಗಳ ಲಿಖಿತ ನೀತಿ, ಖಾತೆಗಳ ಒಂದು ರಿಜಿಸ್ಟರ್, ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಮುಂದೆ ಪರಿಶೀಲನೆ ಇಷ್ಟು ಸಾಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ 'ಜಾಲತಾಣ ಖಾತೆಗಳ ಒಡೆತನ ಮತ್ತು ಹೇಳಿಕೆಗಳ ಪರಿಶೀಲನೆ' ಎಂಬ ಒಂದು ಸಾಲನ್ನು ಸೇರಿಸುವುದರಿಂದ ಇದನ್ನು ಆರಂಭಿಸಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಹಿಂದಿನವರು ದಾನದಿಂದ, ದುಡಿಮೆಯಿಂದ ಕಟ್ಟಿದ ಸಂಸ್ಥೆಯ ಹೆಸರು ಈಗ ಪ್ರತಿದಿನ ಆ ಪುಟಗಳಲ್ಲಿ ಮಾತನಾಡುತ್ತಿದೆ. ಅದು ಏನು ಹೇಳುತ್ತಿದೆ ಎಂಬುದು ಧರ್ಮದರ್ಶಿಗಳಿಗೆ ತಿಳಿದಿರಬೇಕು.